ದೊಡ್ಡ ಮಾತಿನ ಪಾತ್ರ ಬರೆಯುವುದು ಹೇಗೆ: ಪ್ರಹಸನ ಕಟ್ಟುವವರಿಗೆ

ರಾಜ್ಯೋತ್ಸವಕ್ಕೋ ಕಾಲೇಜು ವಾರ್ಷಿಕೋತ್ಸವಕ್ಕೋ ಬಡಾವಣೆಯ ಗಣೇಶನ ಕಾರ್ಯಕ್ರಮಕ್ಕೋ ಐದು ನಿಮಿಷದ ಪ್ರಹಸನ ಬೇಕು ಅಂದಾಗ ಹಲವು ತಂಡಗಳಿಗೆ ಥಟ್ಟನೆ ಹೊಳೆಯುವ ಪಾತ್ರ ಒಂದಿದೆ. ಸೊಳ್ಳೆ ಅನ್ನುವಲ್ಲಿ ಮಶಕ ಎನ್ನುವ, ಮಜ್ಜಿಗೆ ಕೇಳುವಲ್ಲಿ ತಕ್ರ ಯಾಚಿಸುವ ಮನುಷ್ಯ. ಪಾತ್ರ ಒಳ್ಳೆಯದೇ. ಆದರೂ ಬಹಳ ಸಲ ಎರಡನೇ ನಿಮಿಷಕ್ಕೆ ಸಭೆ ಮೊಬೈಲ್ ತೆಗೆದುಬಿಡುತ್ತದೆ. ಬರೆದವರು ದೊಡ್ಡ ಪದಗಳ ಪಟ್ಟಿ ಮಾಡಿಕೊಂಡು ಅದನ್ನೇ ಸಂಭಾಷಣೆ ಅಂದುಕೊಂಡಿರುತ್ತಾರೆ, ಅದೇ ಕಾರಣ. ನಗು ಇರುವುದು ದೊಡ್ಡ ಮಾತಿಗೂ ಆ ಗಳಿಗೆಯ ಸಣ್ಣ ಅಗತ್ಯಕ್ಕೂ ನಡುವಿನ ಅಂತರದಲ್ಲಿ. ಆ ಅಂತರ ಕಣ್ಣಿಗೆ ಕಾಣಬೇಕಾದರೆ ಪಕ್ಕದಲ್ಲಿ ಸಾದಾ ಮಾತಾಡುವ ಇನ್ನೊಬ್ಬ ನಿಂತಿರಬೇಕು, ಕೊನೆಗೆ ಗೆಲ್ಲುವುದೂ ಅವನೇ ಆಗಿರಬೇಕು.

ಈ ಜೋಡಿಯ ಮಾದರಿಗೆ ದೂರ ಹುಡುಕಬೇಕಿಲ್ಲ. ನಂದಳಿಕೆಯ ಮುದ್ದಣನ (1870–1901) ಶ್ರೀರಾಮಾಶ್ವಮೇಧದಲ್ಲಿ ಗಂಡ ಉದ್ದುದ್ದ ಸಂಸ್ಕೃತ ಸಮಾಸದಿಂದ ಕಥೆ ಶುರು ಮಾಡುತ್ತಾನೆ. ಹೆಂಡತಿ ಮನೋರಮೆ ತಡೆದು, ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಎನ್ನುತ್ತಾಳೆ. ಬರೆಯಲು ಕೂರುವ ಮೊದಲು ಆ ಸಲ್ಲಾಪವನ್ನು ಮತ್ತೊಮ್ಮೆ ಓದಿಕೊಳ್ಳಿ. ಅಲ್ಲಿ ಕಲಿಯಬೇಕಾದ ಅಂಶ ಮೂರು. ಆತ ಹೆಚ್ಚು ದೂರ ಹೋಗುವ ಮೊದಲೇ ಆಕೆ ತಡೆಯುತ್ತಾಳೆ. ಆಕೆಯ ಉತ್ತರ ಅಡುಗೆಮನೆಯಿಂದ ಬರುತ್ತದೆ, ಪಂಡಿತರ ವಾದದಿಂದಲ್ಲ. ಸೋಲುವವನು ಆತ. ಯಕ್ಷಗಾನದಲ್ಲೂ ಇದೇ ಏರ್ಪಾಡು. ರಾಜನ ಅರ್ಥಗಾರಿಕೆ ಗಂಭೀರವಾಗಿ ಸಾಗುತ್ತಿರುವಾಗ ಅದೇ ರಂಗದಲ್ಲಿ, ಮಾರು ದೂರದಲ್ಲಿ, ದೂತನಾಗಿ ಬಂದ ಹಾಸ್ಯಗಾರ ಮನೆಮಾತಿನಲ್ಲಿ ಉತ್ತರ ಕೊಡುತ್ತಾನೆ. ಇವರನ್ನು ಬೇರೆ ಬೇರೆ ದೃಶ್ಯಗಳಲ್ಲಿ ಇಟ್ಟರೆ ಇಬ್ಬರೂ ನಗಿಸುವುದಿಲ್ಲ.

ಮೊದಲ ನಿರ್ಧಾರ: ಯಾವ ಬಗೆಯ ದೊಡ್ಡ ಮಾತು?

ಕನ್ನಡದಲ್ಲಿ ದೊಡ್ಡ ಮಾತು ಎಂಬುದು ಒಂದೇ ಬಗೆಯದಲ್ಲ. ಪುರಾಣದ ಕನ್ನಡ ಇದೆ: ಸಮಾಸ, ಸಂಬೋಧನೆ, ‘ಎಲೈ’, ‘ಚಿತ್ತೈಸಬೇಕು’. ಸಭೆಯ ಕನ್ನಡ ಇದೆ: ‘ವೇದಿಕೆಯ ಮೇಲೆ ಆಸೀನರಾಗಿರುವ’, ‘ಸನ್ಮಾನ್ಯ’, ‘ಎರಡು ನುಡಿಗಳನ್ನಾಡಬೇಕೆಂದು ಕೋರುತ್ತಾ’. ಕಚೇರಿಯ ಕನ್ನಡ ಇದೆ: ‘ಸದರಿ’, ‘ಮೇಲ್ಕಂಡ’, ‘ಸಲ್ಲಿಸತಕ್ಕದ್ದು’. ಹೊಸದಾಗಿ ಕಟ್ಟಿದ ಅಚ್ಚಗನ್ನಡ ಇದೆ: ಇಮೇಲಿಗೆ ಮಿಂಚಂಚೆ, ಇಂಟರ್ನೆಟ್ಟಿಗೆ ಮಿಂಬಲೆ. ನಾಟಕಕಾರ ಕೈಲಾಸಂ (1884–1946) ತಮ್ಮ ಪಾತ್ರಗಳ ಬಾಯಿಗೆ ಹಾಕಿದ ಇಂಗ್ಲಿಷ್ ಬೆರಕೆಯೂ ಒಂದು ಪ್ರತ್ಯೇಕ ಬಗೆ. ಒಂದು ಪಾತ್ರಕ್ಕೆ ಒಂದೇ ಬಗೆ. ‘ಎಲೈ ಆಟೋಚಾಲಕನೇ’ ಎಂದವನು ಮುಂದಿನ ಸಾಲಿನಲ್ಲಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದರೆ ಸಭೆಗೆ ಆ ಮನುಷ್ಯ ಯಾರೆಂದು ತಿಳಿಯದು. ತಿಳಿಯದವನ ಮಾತಿಗೆ ಯಾರೂ ನಗುವುದಿಲ್ಲ.

ಹಾಗೆ ಮಾತಾಡಲು ಅವನಿಗೊಂದು ಕಾರಣ ಕೊಡಿ, ಒಂದು ಸಾಲಿನದಾದರೂ ಸಾಕು. ಮೂವತ್ತು ವರ್ಷ ನಿರೂಪಣೆ ಮಾಡಿದವನು, ತಾಳಮದ್ದಳೆಯ ಹವ್ಯಾಸಿ, ನಿವೃತ್ತ ಗುಮಾಸ್ತ, ಸನ್ಮಾನಪತ್ರ ಬರೆದುಕೊಡುವವನು. ಕಾರಣ ಇದ್ದರೆ ಅವನ ಮಾತು ಅವನ ಸ್ವಭಾವ ಅನ್ನಿಸುತ್ತದೆ. ಇಲ್ಲವಾದರೆ ಬರಹಗಾರರ ಕಸರತ್ತು ಅನ್ನಿಸುತ್ತದೆ.

ಸನ್ನಿವೇಶ ಚಿಕ್ಕದು, ಅವಸರದ್ದು, ಕೈಗೆ ಸಿಗುವಂಥದ್ದು ಆಗಿರಲಿ. ಬಸ್ಸಿನ ಚಿಲ್ಲರೆ, ದರ್ಶಿನಿಯ ಬೈಟು ಕಾಫಿ, ಮೆಡಿಕಲ್ ಶಾಪಿನ ತಲೆನೋವಿನ ಮಾತ್ರೆ, ಕಿತ್ತುಹೋದ ಚಪ್ಪಲಿ. ಪ್ರೀತಿ, ದೇಶ, ಸಾವು ಬೇಡ. ದೊಡ್ಡ ವಿಷಯಕ್ಕೆ ದೊಡ್ಡ ಮಾತು ಒಪ್ಪುತ್ತದೆ, ಅಂತರ ಮುಚ್ಚಿಹೋಗುತ್ತದೆ.

ಮೊದಲು ಸಾದಾ ಕನ್ನಡದಲ್ಲಿ ಪೂರ್ತಿ ಬರೆಯಿರಿ

ಇದನ್ನು ಬಿಡುವವರೇ ಜಾಸ್ತಿ. ಒಂದೂ ಅಲಂಕಾರದ ಪದವಿಲ್ಲದೆ ದೃಶ್ಯವನ್ನು ಮೊದಲಿಂದ ಕೊನೆಯವರೆಗೆ ಬರೆಯಿರಿ. ಉದಾಹರಣೆಗೆ ಅಂಗಡಿಯೊಂದರ ಮುಂದೆ:

ಗಿರಾಕಿ: ಸೊಳ್ಳೆ ಬತ್ತಿ ಕೊಡಿ. ರಾತ್ರಿಯೆಲ್ಲ ನಿದ್ದೆ ಇಲ್ಲ.
ಅಂಗಡಿಯವ: ನಲವತ್ತು.
ಗಿರಾಕಿ: ಇನ್ನೂರರ ನೋಟಿದೆ.
ಅಂಗಡಿಯವ: ಚಿಲ್ರೆ ಇಲ್ಲ.
ಗಿರಾಕಿ: ಮತ್ತೇನು ಮಾಡೋದು?
ಅಂಗಡಿಯವ: ಉಳಿದಿದ್ದಕ್ಕೆ ಚಾಕ್ಲೇಟ್ ತಗೊಳಿ.

ಇದರಲ್ಲಿ ಒಂದು ಸಣ್ಣ ಜಗಳ ಆಗಲೇ ಇದೆ. ಜಗಳವಿಲ್ಲದ ದೃಶ್ಯಕ್ಕೆ ಎಷ್ಟು ಸಂಸ್ಕೃತ ಸುರಿದರೂ ಅದು ಮೇಲೇಳದು. ಜಗಳ ಖಚಿತವಾದ ಮೇಲೆ ಗಿರಾಕಿಯ ಸಾಲುಗಳನ್ನು ಮಾತ್ರ ಏರಿಸಿ. ಅಂಗಡಿಯವನ ಸಾಲುಗಳನ್ನು ಇನ್ನೂ ಮೊಟಕುಗೊಳಿಸಿ:

ಗಿರಾಕಿ: ಆಪಣಾಧಿಪತಿಗಳೇ, ನಮಸ್ಕಾರ! ಮಶಕೋಪದ್ರವದಿಂದ ನಿದ್ರಾವಿಹೀನನಾಗಿ, ನಿಶಾಕಾಲವನ್ನೆಲ್ಲ ಕರತಾಡನದಲ್ಲೇ ಕಳೆಯುತ್ತಿರುವ ಈ ದೀನನಿಗೆ...
ಅಂಗಡಿಯವ: ಮಸ್ಕಾನಾ? ಬೇಕರಿ ಆ ಕಡೆ ಸಾ.
ಗಿರಾಕಿ: ಮಸ್ಕಾ ಅಲ್ಲ ಮಹನೀಯರೇ, ಮಶಕ! ಸೂಕ್ಷ್ಮಕಾಯ! ದೀರ್ಘತುಂಡ! ರಕ್ತಪಾನಪ್ರಿಯ! (ಕಿವಿಯ ಬಳಿ ಗಾಳಿಯಲ್ಲಿ ಚಪ್ಪಾಳೆ ಹೊಡೆಯುತ್ತಾನೆ)
ಅಂಗಡಿಯವ: ಓ, ಸೊಳ್ಳೆ. (ಬತ್ತಿಯ ಪೊಟ್ಟಣ ಇಡುತ್ತಾನೆ) ನಲವತ್ತು.
ಗಿರಾಕಿ: ಧನ್ಯನಾದೆ. ಈ ದ್ವಿಶತ ರೂಪಾಯಿಗಳ ಪತ್ರವನ್ನು ಸ್ವೀಕರಿಸಿ, ಶೇಷವನ್ನು ದಯಪಾಲಿಸಬೇಕು.
ಅಂಗಡಿಯವ: ಚಿಲ್ರೆ ಇಲ್ಲ.
ಗಿರಾಕಿ: ಅಲ್ಪಮೌಲ್ಯದ ನಾಣ್ಯಗಳಿಗೆ ಈ ಘೋರ ಅಭಾವ ಎಂದಿನಿಂದ ಪ್ರಾಪ್ತವಾಯಿತು?
ಅಂಗಡಿಯವ: ಬೆಳಿಗ್ಗೆಯಿಂದ.
ಗಿರಾಕಿ: ಹಾಗಾದರೆ ನನ್ನ ಗತಿ?
ಅಂಗಡಿಯವ: (ಜಾಡಿ ಮುಂದೆ ತಳ್ಳಿ) ನೂರರವತ್ತಕ್ಕೆ ಚಾಕ್ಲೇಟ್ ತಗೊಳಿ.
ಗಿರಾಕಿ: (ಬಾಯಿ ತೆರೆಯುತ್ತಾನೆ. ಕೆನ್ನೆಯ ಮೇಲೆ ಸೊಳ್ಳೆ. ಚಟಾರ್!) ಥೂ, ಹಾಳಾದ್ ಸೊಳ್ಳೆ! ಕೊಡಯ್ಯ ಅದೇನ್ ಕೊಡ್ತೀಯೋ!

ಸಾಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ‘ಮಶಕ’ ಎಲ್ಲರಿಗೂ ಗೊತ್ತಿರುವ ಪದವಲ್ಲ. ಅದಕ್ಕೇ ನಿದ್ರಾವಿಹೀನ, ಕರತಾಡನ ಎರಡೂ ಅದರ ಬೆನ್ನಿಗೇ ಬಂದು ಊಹೆಗೆ ದಾರಿ ಮಾಡುತ್ತವೆ. ‘ಮಸ್ಕಾ’ ಎಂಬ ತಪ್ಪುಕೇಳ್ವಿಕೆ ಆ ಪದವನ್ನು ಸಭೆಯ ಕಿವಿಗೆ ಎರಡನೇ ಸಲ ಹಾಕುತ್ತದೆ. ‘ದೀರ್ಘತುಂಡ’ ಕೇಳಿದ ಕೂಡಲೇ ವಕ್ರತುಂಡ ನೆನಪಾಗುವುದರಿಂದ ಅರ್ಥ ತಾನಾಗಿ ಹೊಳೆಯುತ್ತದೆ. ಅಷ್ಟರಲ್ಲಿ ಚಪ್ಪಾಳೆ ಉಳಿದ ಕೆಲಸ ಮುಗಿಸುತ್ತದೆ. ‘ಓ, ಸೊಳ್ಳೆ’ ಎಂಬಲ್ಲಿ ಮೊದಲ ದೊಡ್ಡ ನಗು. ‘ಬೆಳಿಗ್ಗೆಯಿಂದ’ ಎಂಬಲ್ಲಿ ಎರಡನೆಯದು, ಅದೇ ಈ ದೃಶ್ಯದ ಅತ್ಯುತ್ತಮ ಸಾಲು ಕೂಡ. ಎರಡೂ ಸಾದಾ ಮಾತಿನವನ ಬಾಯಿಂದ ಬಂದಿವೆ, ಎರಡೂ ಒಂದೆರಡು ಪದದವು. ನೀವು ಬರೆದಿದ್ದರಲ್ಲಿ ನಗುವೆಲ್ಲ ದೊಡ್ಡ ಮಾತಿನವನ ಪಾಲಾಗಿದ್ದರೆ ಇನ್ನೊಂದು ಸಲ ತಿದ್ದಬೇಕು ಎಂದರ್ಥ.

ತಪ್ಪುಕೇಳ್ವಿಕೆ ಒಂದು ಪ್ರಹಸನಕ್ಕೆ ಒಂದೇ. ಎರಡನೆಯದಕ್ಕೆ ಅಂಗಡಿಯವ ಕಿವುಡ ಅನ್ನಿಸುತ್ತಾನೆ, ಮೂರನೆಯದಕ್ಕೆ ಪೆದ್ದ ಅನ್ನಿಸುತ್ತಾನೆ. ಅವನು ಪೆದ್ದನಾಗಲೇಬಾರದು. ಅವನಿಗೆ ತನ್ನ ಕೆಲಸ ಚೆನ್ನಾಗಿ ಗೊತ್ತು, ಹೊತ್ತಿನ ಬೆಲೆ ಗೊತ್ತು, ಸರದಿಯಲ್ಲಿ ಇನ್ನೂ ನಾಲ್ಕು ಜನ ನಿಂತಿರುವುದೂ ಗೊತ್ತು. ಅವನ ಮಾತು ಒಂದು ಊರಿನದಾಗಿರಲಿ. ಮಂಡ್ಯ ಮೈಸೂರಿನ ‘ಸಾ’, ಧಾರವಾಡದ ‘ಏನ್ರೀ ಅದು’, ಮಂಗಳೂರಿನ ‘ಎಂಥದು ಮಾರಾಯ್ರೆ’. ನಟನಿಗೆ ಹುಟ್ಟಿನಿಂದ ಬಂದ ಮಾತನ್ನೇ ಬಳಸಿ. ಕಲಿತ ಧಾಟಿ ಎರಡು ಸಾಲಿಗೇ ಬಯಲಾಗುತ್ತದೆ.

ಪದಗಳನ್ನು ಆರಿಸುವ ಅಳತೆ

ಐದು ನಿಮಿಷಕ್ಕೆ 350ರಿಂದ 400 ಪದದ ಸಂಭಾಷಣೆ ಧಾರಾಳ, ಉಳಿದ ಹೊತ್ತು ನಗುವಿನದು ಮತ್ತು ಅಭಿನಯದ್ದು. ಅದರಲ್ಲಿ ನೆನಪಿನಲ್ಲಿ ಉಳಿಯುವಂಥ ದೊಡ್ಡ ಪದ ಹತ್ತು ಇದ್ದರೆ ಸಾಕು. ಆ ಹತ್ತರಲ್ಲಿ ಏಳು ಎಲ್ಲರಿಗೂ ಗೊತ್ತಿರುವವಾಗಿರಲಿ: ಶ್ವಾನ, ಪಾದರಕ್ಷೆ, ದ್ವಿಚಕ್ರವಾಹನ, ಶಿರೋವೇದನೆ, ಇಂಥವು. ಎರಡು ಊಹಿಸಬಲ್ಲವು: ಮಶಕ, ತಕ್ರ. ಒಂದೇ ಒಂದು ಪೂರ್ತಿ ಅಪರಿಚಿತ ಪದ ಇರಲಿ. ತಿಗಣೆಗೆ ಮತ್ಕುಣ, ಈರುಳ್ಳಿಗೆ ಪಲಾಂಡು. ಅದರ ಅರ್ಥವನ್ನು ಎದುರಿನವನು ‘ಏನದು?’ ಎಂದು ಕೇಳಿ ಹೊರಗೆಳೆಯಬೇಕು. ಹೆಸರು ಹೇಳುವ ಮೊದಲೇ ವಸ್ತು ಕಣ್ಣಮುಂದೆ ಇದ್ದರೆ ಇನ್ನೂ ಒಳ್ಳೆಯದು. ಈರುಳ್ಳಿಯನ್ನು ಎತ್ತಿ ಹಿಡಿದು ‘ಪಲಾಂಡು’ ಎಂದರೆ ವಿವರಣೆಯೇ ಬೇಕಾಗಿಲ್ಲ.

ಹುಡುಕುವುದಕ್ಕೆ ಸಂಸ್ಕೃತದ ಪದಕೋಶವಾದ ಅಮರಕೋಶಕ್ಕಿಂತ ಅನುಕೂಲದ ಪುಸ್ತಕ ಇಲ್ಲ, ಏಕೆಂದರೆ ಅದು ವಿಷಯವಾರು ಜೋಡಿಸಿದ್ದು. ಪ್ರಾಣಿಗಳು ಸಿಂಹಾದಿವರ್ಗದಲ್ಲಿ, ಗಿಡಮರಗಳು ವನೌಷಧಿವರ್ಗದಲ್ಲಿ, ತಿನಿಸುಗಳು ಹೆಚ್ಚಾಗಿ ವೈಶ್ಯವರ್ಗದಲ್ಲಿ ಸಿಗುತ್ತವೆ. ಕನ್ನಡದಲ್ಲಿ ಆ ಪದ ನಿಜವಾಗಿ ಬಳಕೆಯಾಗಿದೆಯೇ ಎಂದು ನೋಡಲು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅಥವಾ ಕಿಟ್ಟೆಲ್ಲರ 1894ರ ನಿಘಂಟು ತೆರೆಯಿರಿ. ನೀವೇ ಸೃಷ್ಟಿಸಿದ ಪದಕ್ಕಿಂತ ನಿಜವಾದ ಪದ ಯಾವಾಗಲೂ ಹೆಚ್ಚು ನಗಿಸುತ್ತದೆ. ರೈಲಿಗೆ ಲೋಹಪಥಗಾಮಿನಿ ಎಂಬಂಥ ತಮಾಷೆಗಳು ಹಿಂದಿಯಿಂದ ಬಂದು ವರ್ಷಗಟ್ಟಲೆ ಫಾರ್ವರ್ಡ್ ಆಗಿ ಸವೆದಿವೆ. ಅವನ್ನು ಕೈಬಿಡಿ.

ಸಂಧಿ ತಪ್ಪಬಾರದು. ಕನ್ನಡದ ಸಭೆಯಲ್ಲಿ ಪ್ರೌಢಶಾಲೆಯ ವ್ಯಾಕರಣ ಮರೆಯದವರು ಮೊದಲ ಸಾಲಿನಲ್ಲೇ ಕೂತಿರುತ್ತಾರೆ, ಸರಿಯಾದ ಸಂಧಿಗೆ ಅವರೇ ಮೊದಲು ನಗುತ್ತಾರೆ. ತಕ್ರ ಮತ್ತು ಅನ್ನ ಸೇರಿ ತಕ್ರಾನ್ನ, ಸವರ್ಣದೀರ್ಘ. ಮಶಕ ಮತ್ತು ಉಪದ್ರವ ಸೇರಿ ಮಶಕೋಪದ್ರವ, ಗುಣ. ಶ್ವಾನ ಮತ್ತು ಔದ್ಧತ್ಯ ಸೇರಿ ಶ್ವಾನೌದ್ಧತ್ಯ, ವೃದ್ಧಿ. ಪಲಾಂಡು ಮತ್ತು ಅಭಾವ ಸೇರಿ ಪಲಾಂಡ್ವಭಾವ, ಯಣ್. ಈ ಕೊನೆಯದು ಉಚ್ಚಾರಕ್ಕೇ ನಗು ತರುತ್ತದೆ, ಬೇಕಾದರೆ ನಟನ ಬಾಯಲ್ಲಿ ಒಮ್ಮೆ ಹೇಳಿಸಿ ನೋಡಿ. ಸಮಾಸದಲ್ಲಿ ಮೂರು ಪದಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೇಳುವವರು ಮೊದಲನೆಯದನ್ನು ಮರೆತಿರುತ್ತಾರೆ.

ಇಲ್ಲಿ ಹಳೆಯ ವ್ಯಾಕರಣದ ಒಂದು ನಿಷೇಧವೇ ಬಹಳ ಉಪಯೋಗಕ್ಕೆ ಬರುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದು ಮಾಡುವ ಸಮಾಸವನ್ನು ಅರಿಸಮಾಸ ಎಂದು ಹದಿಮೂರನೇ ಶತಮಾನದ ವ್ಯಾಕರಣಕಾರ ಕೇಶಿರಾಜ ದೂರವಿಡುತ್ತಾನೆ. ಅವನಿಗಿಂತ ಮೊದಲೇ, 1112ರಲ್ಲಿ, ಮುಳುಗುಂದದ ಕವಿ ನಯಸೇನ ಕನ್ನಡದಲ್ಲಿ ಸಂಸ್ಕೃತ ಬೆರೆಸುವುದನ್ನು ತುಪ್ಪ ಮತ್ತು ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ್ದ. ದಿನಗೂಲಿಯಂಥ ಬಳಕೆಯ ಪದಗಳಲ್ಲಿ ಈ ಬೆರಕೆ ನಮಗೆ ಈಗ ಗೊತ್ತಾಗುವುದೂ ಇಲ್ಲ. ಆದರೆ ಹೊಸ ಜೋಡಿ ಕಟ್ಟಿದರೆ ಕಿವಿ ತಕ್ಷಣ ಎಚ್ಚರಗೊಳ್ಳುತ್ತದೆ: ಬೋಂಡಾಭಿಲಾಷಿ, ಲುಂಗ್ಯುತ್ತರೀಯ, ದೋಸಾಭಂಜಕ. ಬಿರುದುಗಳಲ್ಲಿ ಅರಿಸಮಾಸ ಸಲ್ಲುತ್ತದೆ ಎಂದು ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಪಾತ್ರಕ್ಕೆ ಅಂಥ ಒಂದು ಬಿರುದು ಕೊಟ್ಟರೆ ವ್ಯಾಕರಣಕ್ಕೂ ಭಂಗವಿಲ್ಲ. ಪ್ರಹಸನಕ್ಕೆ ಎರಡು ಅರಿಸಮಾಸ ಸಾಕು.

ವಾಕ್ಯದ ಕೊನೆಗೆ ಏನಿಡಬೇಕು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಸ್ಯ ಬರೆಯುವವರಿಗೆ ಇದು ದೊಡ್ಡ ಅನುಕೂಲ. ವಾಕ್ಯವನ್ನು ಮೇಲೆ ಮೇಲೆ ಏರಿಸಿ ಕೊನೆಯ ಕ್ರಿಯಾಪದದಲ್ಲಿ ನೆಲಕ್ಕೆ ಹಾಕಬಹುದು. ‘ದುಸ್ಸಹ ಶಿರೋವೇದನೆಯಿಂದ ಪೀಡಿತನಾಗಿ ತಮ್ಮ ಸನ್ನಿಧಿಗೆ ಬಂದಿರುವ ನನಗೆ ಒಂದು ಮಾತ್ರೆಯನ್ನು ಬಿಸಾಕಿ.’ ಅದೇ ಸಾಲನ್ನು ‘ದಯಪಾಲಿಸಿ’ ಎಂದು ಮುಗಿಸಿದರೆ ಮುಗುಳ್ನಗೆ, ‘ಬಿಸಾಕಿ’ ಎಂದರೆ ನಗು. ಆದರೆ ಇದನ್ನು ಮೂರು ಸಲ ಮಾಡಿದರೆ ಸಭೆ ಕಾದು ಕೂರುತ್ತದೆ, ಕಾದ ನಗು ಬರುವುದಿಲ್ಲ. ಉಳಿದ ಕಡೆ ಗೌರವದ ಕ್ರಿಯಾಪದಗಳನ್ನೇ ಇಟ್ಟು ಅದನ್ನು ಸಲ್ಲದ ಕಡೆ ಪ್ರಯೋಗಿಸಿ. ಗೇಟಿನ ಮುಂದೆ ಮಲಗಿದ ಬೀದಿನಾಯಿಗೆ ‘ತಾವು ಕೊಂಚ ಪಕ್ಕಕ್ಕೆ ಬಿಜಯಂಗೈಯಬೇಕು’ ಎಂದರೆ ಒಂದೇ ಒಂದು ಕಷ್ಟದ ನಾಮಪದ ಬೇಡ. ‘ತಾವು’ ಒಂದೇ ನಗಿಸುತ್ತದೆ.

ಕಚೇರಿ ಕನ್ನಡದಲ್ಲಂತೂ ನಾಮಪದಗಳೆಲ್ಲ ಸಾದಾ ಆಗಿಯೇ ಇರಬಹುದು, ಕೆಲಸವೆಲ್ಲ ವಾಕ್ಯರಚನೆಯದ್ದು. ನಿವೃತ್ತ ಗುಮಾಸ್ತ ಹೆಂಡತಿಗೆ ಬರೆದ ಜ್ಞಾಪನ ಹೀಗಿರಬಹುದು:

‘ವಿಷಯ: ಸಾರಿನಲ್ಲಿ ಉಪ್ಪಿನ ಕೊರತೆಯ ಕುರಿತು. ಉಲ್ಲೇಖ: ಇಂದಿನ ಮಧ್ಯಾಹ್ನದ ಊಟ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸಾರನ್ನು ಪರಿಶೀಲಿಸಲಾಗಿ, ಉಪ್ಪು ಹಾಕದೇ ಇರುವುದು ಕಂಡುಬಂದಿರುತ್ತದೆ. ಆದ್ದರಿಂದ ಈ ಕೂಡಲೇ ಉಪ್ಪು ಹಾಕಿ, ಅನುಪಾಲನಾ ವರದಿಯನ್ನು ಸಲ್ಲಿಸತಕ್ಕದ್ದು.’

ಇದಕ್ಕೆ ಆಕೆ ಸಾದಾ ಮಾತಲ್ಲೂ ಉತ್ತರಿಸಬಹುದು, ಅದೇ ಧಾಟಿಯಲ್ಲೂ ಉತ್ತರಿಸಬಹುದು. ಎರಡನೆಯದೇ ಹೆಚ್ಚು ಸೊಗಸು: ‘ಸದರಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ನಾಳೆಯಿಂದ ಅಡುಗೆಯನ್ನು ತಾವೇ ಮಾಡತಕ್ಕದ್ದು.’ ಸಾದಾ ಮಾತಿನ ಪಾತ್ರ ಒಂದೇ ಒಂದು ಸಲ, ಒಂದೂ ತಪ್ಪಿಲ್ಲದೆ, ದೊಡ್ಡ ಮಾತನ್ನು ತಿರುಗಿಸಿ ಕೊಡುವುದು ಒಂದು ಬಗೆಯ ಮುಕ್ತಾಯ. ಸೊಳ್ಳೆ ದೃಶ್ಯದಲ್ಲಿ ಇರುವಂತೆ ದೊಡ್ಡ ಮಾತಿನವನೇ ನೋವಿಗೋ ಗಾಬರಿಗೋ ಮನೆಮಾತಿಗೆ ಜಾರುವುದು ಇನ್ನೊಂದು ಬಗೆ. ಎರಡನ್ನೂ ಒಂದೇ ಪ್ರಹಸನದಲ್ಲಿ ಹಾಕಬೇಡಿ, ಮೊದಲನೆಯದು ಎರಡನೆಯದರ ಬಲ ತಿಂದುಹಾಕುತ್ತದೆ. ಮಧ್ಯದಲ್ಲಿ ಎಲ್ಲೂ ಜಾರಬಾರದು. ಎರಡನೇ ನಿಮಿಷದಲ್ಲಿ ‘ಅಯ್ಯೋ’ ಎಂದುಬಿಟ್ಟವನು ಐದನೇ ನಿಮಿಷದಲ್ಲಿ ಎಷ್ಟು ಕೂಗಿದರೂ ಪ್ರಯೋಜನವಿಲ್ಲ.

ಯಾವುದಕ್ಕೆ ನಗಿಸಬಾರದು

ಹಕಾರ ಅಕಾರಗಳ ಅದಲುಬದಲು, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಇಟ್ಟುಕೊಂಡು ಹಳ್ಳಿಯವರನ್ನು ಆಡಿಕೊಳ್ಳುವ ಪ್ರಹಸನಗಳು ಇನ್ನೂ ನಡೆಯುತ್ತಿವೆ. ಇದನ್ನು ಖಂಡಿತ ಬರೆಯಬೇಡಿ. ಅಲ್ಲಿ ನಗೆಪಾಟಲಾಗುವುದು ಬದುಕಿಡೀ ಹಾಗೆ ಮಾತಾಡಿದ ಜನರ ನಾಲಿಗೆ, ಸಭೆಯಲ್ಲಿ ಅವರೂ ಅವರ ಮಕ್ಕಳೂ ಕೂತಿರುತ್ತಾರೆ. ಹಾಗೆಯೇ ದೊಡ್ಡ ಮಾತಿನವನಿಗೆ ಒಂದು ಜಾತಿಯ ವೇಷ, ಒಂದು ಜಾತಿಯ ಹೆಸರು ಹಾಕುವುದೂ ಬೇಡ. ಗುರಿ ಒಂದೇ: ಸರಳವಾಗಿ ಹೇಳಬಹುದಾದ್ದನ್ನು ಮೆರೆಸಲು ಹೋಗುವ ಚಪಲ. ಅದು ಎಲ್ಲ ಜಾತಿ, ಎಲ್ಲ ಊರಿನವರಲ್ಲೂ ಇದೆ. ಅದಕ್ಕೇ ಎಲ್ಲರೂ ಒಟ್ಟಿಗೆ ನಗಬಲ್ಲರು.

ದೊಡ್ಡ ಮಾತಿನವನೂ ದುಷ್ಟನಾಗಬಾರದು. ಅವನಿಗೆ ಆ ಪದಗಳ ಮೇಲೆ ನಿಜವಾದ ಪ್ರೀತಿ ಇರಲಿ. ಅಂಗಡಿಯವನನ್ನು ಬೈಯಲು ಸಮಾಸ ಬಳಸಿದರೆ ಸಭೆ ಅವನನ್ನು ದ್ವೇಷಿಸುತ್ತದೆ. ಸೊಳ್ಳೆಯನ್ನು ವರ್ಣಿಸಲು ಬಳಸಿದರೆ ಪ್ರೀತಿಸುತ್ತದೆ.

ಅಭ್ಯಾಸ ಮತ್ತು ರಂಗ

ದೊಡ್ಡ ಮಾತಿನ ನಟ ತಡವರಿಸಿದರೆ ಸಭೆ ಪಾತ್ರಕ್ಕೆ ನಗುವುದನ್ನು ಬಿಟ್ಟು ನಟನಿಗೆ ನಗುತ್ತದೆ, ದೃಶ್ಯ ಅಲ್ಲಿಗೆ ಮುಗಿಯಿತು. ಅವನ ಪ್ರತಿಯಲ್ಲಿ ಪ್ರತಿ ಸಮಾಸವನ್ನೂ ಬಿಡಿಸಿ ಬರೆದುಕೊಡಿ: ಮಶಕ / ಉಪದ್ರವ. ಬಿಡಿಸಿದ ರೂಪದಲ್ಲಿ ಅರ್ಥ ಗೊತ್ತಾದ ಮೇಲೆ ಕೂಡಿಸಿದ ರೂಪವನ್ನು ನಿಧಾನವಾಗಿ, ಆಮೇಲೆ ಮಾತಿನ ವೇಗದಲ್ಲಿ ಹೇಳಿಸಿ. ಉಸಿರು ತೆಗೆಯುವುದು ಸಮಾಸದ ಮೊದಲು, ಒಳಗೆ ಎಂದೂ ಅಲ್ಲ. ಎರಡು ದಿನ ಅಭ್ಯಾಸವಾದರೂ ನಾಲಿಗೆ ತಿರುಗದ ಪದವನ್ನು ಕಿತ್ತು ಸುಲಭದ್ದನ್ನು ಹಾಕಿ. ಪದಕ್ಕಿಂತ ಓಟ ಮುಖ್ಯ. ಮುಖದಲ್ಲಿ ನಗು ಬೇಡ, ಅವನಿಗೆ ತನ್ನ ಮಾತು ಸಹಜ.

ಸಾದಾ ಮಾತಿನ ನಟನಿಗೆ ಹೇಳಿಕೊಡಬೇಕಾದ್ದು ಕಾಯುವುದನ್ನು. ದೊಡ್ಡ ಸಾಲು ಮುಗಿದ ಮೇಲೆ ಒಂದು ಕ್ಷಣ ಸುಮ್ಮನೆ ನೋಡಿ ಆಮೇಲೆ ‘ಚಿಲ್ರೆ ಇಲ್ಲ’ ಅನ್ನಲಿ. ನಗು ಬಂದರೆ ಅದು ಇಳಿಯಲು ಶುರುವಾಗುವವರೆಗೆ ಇಬ್ಬರೂ ಅಲುಗಬಾರದು, ಇಲ್ಲವಾದರೆ ಮುಂದಿನ ಸಾಲು ನಗುವಿನಲ್ಲಿ ಮುಳುಗುತ್ತದೆ.

ವಿದೇಶದ ಕನ್ನಡ ಕೂಟಗಳಲ್ಲಿ ಆಡಿಸುವುದಾದರೆ ಅಲ್ಲೇ ಬೆಳೆದ ಮಕ್ಕಳು ಮನೆಯ ಕನ್ನಡವನ್ನಷ್ಟೇ ಕೇಳಿರುತ್ತಾರೆ ಎಂಬುದು ಲೆಕ್ಕದಲ್ಲಿರಲಿ. ಅವರಿಗೆ ಪುರಾಣದ ಕನ್ನಡಕ್ಕಿಂತ ಸಭೆಯ ಕನ್ನಡ ಹತ್ತಿರ, ಕೂಟದ ನಿರೂಪಣೆಯಲ್ಲಿ ಅದನ್ನು ಕೇಳಿಯೇ ಇರುತ್ತಾರೆ. ದೊಡ್ಡ ಪದಗಳನ್ನು ಆರಕ್ಕೆ ಇಳಿಸಿ, ಪ್ರತಿಯೊಂದಕ್ಕೂ ಕೈಯಲ್ಲಿ ಒಂದು ವಸ್ತು ಹಿಡಿಸಿ.

ಮೈಕಿನ ವಿಷಯ ಕಡೆಗಣಿಸಬೇಡಿ. ಧ, ಭ, ಫಗಳ ಉಸಿರು ನೇರವಾಗಿ ಮೈಕಿಗೆ ಬಡಿದರೆ ಧ್ವನಿವರ್ಧಕದಲ್ಲಿ ‘ಭುಸ್’ ಎಂಬ ಸದ್ದಾಗಿ ಪದವೇ ಒಡೆದುಹೋಗುತ್ತದೆ. ಈ ಪಾತ್ರದ ಮಾತು ತುಂಬ ಅವೇ ಅಕ್ಷರಗಳು. ಕೈಮೈಕಾದರೆ ಗದ್ದದ ಮಟ್ಟಕ್ಕೆ, ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಹಿಡಿಯಲಿ. ಸ್ಟ್ಯಾಂಡ್ ಮೈಕಾದರೆ ಚಪ್ಪಾಳೆ ಹೊಡೆಯುವ ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕೆಂದು ಪ್ರತಿಯಲ್ಲೇ ಗುರುತು ಹಾಕಿಡಿ.